ನಾನು ನೂರು ಸಲ ನೋಡಿದ ಜೋಗ

ಜೋಗ ಜಲಪಾತದ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಕುಮಟಾ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ರಾಜ ಹೇಗೆ ಗಂಭೀರವಾಗಿ ಇಳಿಯುತ್ತಾನೆ, ರೋರರ್ ಹೇಗೆ ಬಂಡೆಗೆ ಬಡಿದು ಗುಡುಗುತ್ತಾನೆ, ರಾಕೆಟ್ ಹೇಗೆ ಚಿಮ್ಮುತ್ತಾನೆ, ರಾಣಿ ಹೇಗೆ ಸೆರಗು ಹರಡಿಕೊಂಡು ಜಾರುತ್ತಾಳೆ ಎಂದು ಕೈಯಾಡಿಸಿ ಹೇಳುವಾಗ ಹಿಂದಿನ ಬೆಂಚಿನವರೂ ಆಕಳಿಸುವುದಿಲ್ಲ. ಮುಂದಿನ ಬೆಂಚಿನವರಂತೂ ಮುಖ ಒರೆಸಿಕೊಳ್ಳುತ್ತಾರೆ. ಅದು ಜೋಗದ ತುಂತುರಲ್ಲ, ನನ್ನ ಬಾಯಿಯದ್ದು ಎಂದು ಗಣಿತದ ಮಾಸ್ತರರು ಹೇಳುತ್ತಾರೆ. ಹೊಟ್ಟೆಕಿಚ್ಚು!

ಒಂದೇ ಒಂದು ಸಣ್ಣ ತೊಡಕು. ನಾನು ಜೋಗ ನೋಡಿರಲಿಲ್ಲ.

ಹುಟ್ಟಿದ್ದು ಭಟ್ಕಳ, ಓದಿದ್ದು ಹೊನ್ನಾವರ, ಮದುವೆಯಾಗಿ ಬಂದದ್ದು ಕುಮಟೆ. ಮೂರೂ ಊರುಗಳಿಂದ ಜೋಗ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಅಷ್ಟು ಹತ್ತಿರ ಇದ್ದದ್ದೇ ತಪ್ಪಾಯಿತು. ಎಂದಾದರೂ ಹೋದರಾಯಿತು ಎಂದುಕೊಂಡೇ ತಲೆ ಅರ್ಧ ಬೆಳ್ಳಗಾಯಿತು. ಒಮ್ಮೆ ಹೊರಟ ದಿನ ಅತ್ತೆಗೆ ಜ್ವರ. ಇನ್ನೊಮ್ಮೆ ಗೇರುಸೊಪ್ಪೆಯಲ್ಲೇ ಬಸ್ಸು ಕೆಟ್ಟು, ರಸ್ತೆ ಬದಿ ಕುಳಿತು ಬುತ್ತಿ ಉಂಡು ಮರಳಿದ್ದೆವು.

ಡಿಸೆಂಬರಿನ ಒಂದು ದಿನ ಎಂಟನೇ ತರಗತಿಯ ನಾಗವೇಣಿ ಎದ್ದು ನಿಂತಳು.

“ಅಕ್ಕೋರೇ, ನೀವು ಜೋಗ ಎಷ್ಟು ಸಲ ನೋಡೀರಿ?”

“ನೂರು ಸಲ!” ಎಂದೆ.

ಹತ್ತು ಎಂದಿದ್ದರೂ ಸಾಕಿತ್ತು. ಆದರೆ ನನ್ನದು ಧಾರಾಳ ಕೈ. ಮಾತು ಹೆಡ್ ಮಾಸ್ತರರ ಕಿವಿಗೆ ಬಿತ್ತು. ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಘೋಷಿಸಿದರು: “ಜನವರಿಲಿ ಶಾಲೆ ಟೂರು ಜೋಗಕ್ಕೇ ಇಡುವ. ಗೈಡ್ ಎಂತಕ್ಕೆ? ನಮ್ಮ ಅಕ್ಕೋರು ನೂರು ಸಲ ಹೋಗಿ ಬಂದವರು.”

ನಾನು ವಿನಯದಿಂದ ನಕ್ಕೆ. ಮನೆಗೆ ಬಂದು ಗಂಡನ ಮುಂದೆ ಅತ್ತುಬಿಟ್ಟೆ.

ನಮ್ಮ ಮನೆಯವರು ರಸ್ತೆ ಕಂತ್ರಾಟುದಾರರೊಬ್ಬರ ಬಳಿ ಸುಪರ್ವೈಸರ್. ಯಾವ ಸಮಸ್ಯೆಯನ್ನೂ ಒಂದು ಬದಿ ಬಂದ್ ಮಾಡಿ ಇನ್ನೊಂದು ಬದಿಯಿಂದ ಬಿಡುವವರು. “ಅದ್ರಲ್ಲಿ ಎಂತ ಅದೆ? ಬರೂ ಆದಿತ್ಯವಾರ ಗುಟ್ಟಾಗಿ ನೋಡ್ಕಂಡು ಬರುವ. ನಾನೂ ಬತ್ತೆ,” ಎಂದರು.

“ನೀವು ಬೇಡ. ನೀವು ಗಾಡಿ ಹೊಡೆದ್ರೆ ದಾರಿ ನೀವು ನೋಡ್ತ್ರಿ, ನಾನು ನಿಮ್ಮ ಬೆನ್ನು ನೋಡುದಷ್ಟೇ. ನಾನೊಬ್ಳೇ ಹೋಗಿ ಎಲ್ಲಾ ಬಾಯಿಪಾಠ ಮಾಡ್ಕಂಡು ಬತ್ತೆ.”

“ನಿಂಗೆ ಸ್ಕೂಟರ್ ತಿರುಗಿಸೂಕೆ ಎಲ್ಲಿ ಬತ್ತದೆ ಮಾರಾಯ್ತಿ?”

ಈ ಪ್ರಶ್ನೆಗೆ ಇತಿಹಾಸವಿದೆ. ನಾನು ಸ್ಕೂಟರ್ ಕಲಿತದ್ದು ಶಾಲೆಯ ಮೈದಾನದಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ. ನೆಟ್ಟಗೆ ಹೋಗುವುದರಲ್ಲಿ ನಾನು ನಿಪುಣೆ. ಹಿಂದಕ್ಕೆ ತಿರುಗಿಸಬೇಕಾದರೆ ಮಾತ್ರ ಅರ್ಧ ಮೈದಾನ ಬೇಕು.

“ಹೋಗುವಾಗ ತಿರುಗಿಸುದು ಎಂತಕ್ಕೆ?” ಎಂದೆ.

ಆದಿತ್ಯವಾರ ಬೆಳಕು ಹರಿಯುವಾಗ ಹೊರಟೆ. ಘಟ್ಟದ ಮೇಲೆ ಭಯಂಕರ ಚಳಿ ಎಂದು ಕೇಳಿದ್ದರಿಂದ, ದಿಲ್ಲಿಯ ನಾದಿನಿ ಕೊಟ್ಟಿದ್ದ ಎರಡು ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿ, ಮಂಗನಟೊಪ್ಪಿ ಎಳೆದು, ಅದರ ಮೇಲೆ ಹೆಲ್ಮೆಟ್ ತುರುಕಿಕೊಂಡಿದ್ದೆ. ಧಾರೇಶ್ವರ ದಾಟುವಾಗ ಗದ್ದೆಗಳ ಮೇಲೆ ಇಬ್ಬನಿ ಬಿಳಿ ಪಂಚೆಯಂತೆ ಹಾಸಿಕೊಂಡಿತ್ತು. ಹೊನ್ನಾವರದಲ್ಲಿ ಎಡಕ್ಕೆ ಹೊರಳಿದ ಮೇಲೆ ಶರಾವತಿ ಜೊತೆಯಾದಳು. ನದಿಯಿಂದ ಹಬೆ ಏಳುತ್ತಿತ್ತು. ದೂರದಲ್ಲೊಂದು ದೋಣಿ, ಅದರಲ್ಲೊಬ್ಬ ಮನುಷ್ಯ. ನೀರಿನ ಮೇಲಿದ್ದಾನೋ ಮೋಡದ ಮೇಲಿದ್ದಾನೋ ತಿಳಿಯುತ್ತಿರಲಿಲ್ಲ. ಹಿಂದೆ ಯಾರಿಲ್ಲ, ಮುಂದೆ ಯಾರಿಲ್ಲ, “ಅಮ್ಮಾ, ನನ್ನ ಚಾವಿ ಎಲ್ಲಿ?” ಎಂದು ಕೇಳುವವರಿಲ್ಲ. ಐವತ್ತೆರಡು ವರ್ಷಗಳಲ್ಲಿ ಇಂಥ ಒಂದು ಗಂಟೆ ನನಗೆ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಗೇರುಸೊಪ್ಪೆ ಮುಟ್ಟುವಾಗ ಬಿಸಿಲೇರಿತು. ಸ್ವೆಟರುಗಳೊಳಗೆ ನಾನು ಇಡ್ಲಿಯಂತೆ ಬೇಯುತ್ತಿದ್ದೆ. ಚಾದಂಗಡಿಯ ಬೆಂಚಿನ ಮೇಲೆ ಎರಡನ್ನೂ ಬಿಚ್ಚಿಟ್ಟು, ಚಾ ಕುಡಿಯುತ್ತಾ ನದಿ ನೋಡಿದೆ. ನೋಡುತ್ತಾ ನೋಡುತ್ತಾ ಎದ್ದೆ. ನೋಡುತ್ತಾ ನೋಡುತ್ತಾ ಹೊರಟೆ.

ಘಟ್ಟದ ಐದನೇ ತಿರುವಿನಲ್ಲಿ ಹಲ್ಲುಗಳು ತಮ್ಮಷ್ಟಕ್ಕೇ ಮಾತಾಡತೊಡಗಿದವು. ಗಾಡಿ ನಿಲ್ಲಿಸಿ ಪರಿಶೀಲಿಸಿದೆ. ಟೊಪ್ಪಿ ಇದೆ, ಹೆಲ್ಮೆಟ್ ಇದೆ. ಸ್ವೆಟರು ಇಲ್ಲ! ಹಿಂದೆ ಹೋಗೋಣವೆಂದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಅರ್ಧ ಮೈದಾನ ಎಲ್ಲೂ ಕಾಣಲಿಲ್ಲ.

ಸೀಟಿನಡಿ ತಡಕಾಡಿದಾಗ ನಮ್ಮವರ ಹೈವೇ ಕೆಲಸದ ಕೋಟು ಸಿಕ್ಕಿತು. ಕಣ್ಣು ಕೋರೈಸುವ ಹಳದಿ, ಮಿಂಚುವ ಪಟ್ಟಿ, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ “ನಿಧಾನವಾಗಿ ಚಲಿಸಿ”. ಹಾಕಿಕೊಂಡೆ. ಮಂಜು ದಟ್ಟವಾಗುತ್ತಾ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ನೋಡುತ್ತೇನೆ, ನನ್ನ ಹಿಂದೆ ಎರಡು ಕಾರು, ಒಂದು ಟೆಂಪೋ, ಒಂದು ಬಸ್ಸು! ಯಾರೂ ಹಾರನ್ ಮಾಡುತ್ತಿಲ್ಲ, ಯಾರೂ ಮುಂದೆ ಹೋಗುತ್ತಿಲ್ಲ. ಎಲ್ಲರೂ ನನ್ನ ಬೆನ್ನಿನ ಆಜ್ಞೆ ಪಾಲಿಸುತ್ತಾ, ಮಾವಿನಗುಂಡಿಯವರೆಗೆ ಮೆರವಣಿಗೆಯಂತೆ ಬಂದರು.

ಜೋಗದಲ್ಲಿ ಜೋಗ ಇರಲಿಲ್ಲ. ಇದ್ದದ್ದು ಬಿಳುಪು ಮಾತ್ರ. ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಗಾಡಿಯೇ ಮಾಯ. ನೀರು ಬೀಳುವ ಸದ್ದು ಮಾತ್ರ ಎಲ್ಲ ಕಡೆಯಿಂದ ಬರುತ್ತಿತ್ತು, ಯಾರೋ ನಿದ್ದೆಯಲ್ಲಿ ಉಸಿರಾಡುವ ಹಾಗೆ. ಆ ಬಿಳುಪಿನೊಳಗಿಂದ ಒಬ್ಬರು ಮಾಸ್ತರರು ಓಡಿ ಬಂದರು. ಅವರ ಹಿಂದೆ ನಲವತ್ತು ಮಕ್ಕಳು.

“ನಮಸ್ಕಾರ್ರೀ ಮೇಡಂ! ಗೈಡ್ ನೀವ ಏನ್ರಿ? ಹಾವೇರಿ ಕಡೆಯಿಂದ ಬಂದೀವ್ರಿ. ನಸುಕಿನಿಂದ ಕಾಯಾಕತ್ತೀವಿ, ಏನೂ ಕಾಣವಲ್ದು. ಇನ್ನ ಅರ್ಧ ತಾಸಿಗೆ ಬಸ್ ಬಿಡಬೇಕ್ರಿ. ಹುಡುಗ್ರು ಅಳಾಕತ್ತಾವು.”

ಹಳದಿ ಕೋಟು ನೋಡಿ ಮೋಸ ಹೋಗಿದ್ದರು. ಅಲ್ಲ ಎನ್ನಬೇಕಿತ್ತು. ಆದರೆ ಒಬ್ಬಳು ಸಣ್ಣ ಹುಡುಗಿ ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನೊಳಗೆ ಇಪ್ಪತ್ತಾರು ವರ್ಷದ ಪಾಠ ಎದ್ದು ನಿಂತಿತು.

“ಮಕ್ಕಳೇ, ಇತ್ತ ಬನ್ನಿ!” ಎಂದೆ.

ಎದುರಿಗೆ ಮಸುಕಾಗಿ ಒಂದು ಕಟ್ಟೆ ಕಾಣುತ್ತಿತ್ತು. ಜಲಪಾತ ಅದರಾಚೆಗೇ ಇರತಕ್ಕದ್ದು ಎಂದು ತೀರ್ಮಾನಿಸಿ ಕೈ ಚಾಚಿದೆ. “ಅಗೋ, ಎಡಗಡೆ ಇರುವವನೇ ರಾಜ. ಅವಸರವಿಲ್ಲ ಅವನಿಗೆ. ಮೇಲಿನಿಂದ ಕೆಳಗಿನವರೆಗೆ ಒಂದೇ ನಡಿಗೆ. ಅವನ ಪಕ್ಕದ ಸಿಟ್ಟಿನವ ರೋರರ್. ಕಿವಿಗೊಡಿ, ಕೇಳ್ತದಲ್ಲ? ಆಮೇಲೆ ರಾಕೆಟ್. ಬಲಗಡೆ ಕಡೆಯಲ್ಲಿ ರಾಣಿ, ಮೆತ್ತಗೆ...”

ಮಕ್ಕಳ ಅಳು ನಿಂತಿತು. ಒಬ್ಬ ಕಣ್ಣು ಮುಚ್ಚಿಕೊಂಡ. ಇನ್ನೊಬ್ಬಳು ಅಂಗೈ ಮುಂದೆ ಚಾಚಿ ತುಂತುರು ಹಿಡಿದಳು. ಮಾಸ್ತರರು ಬಾಯಿ ತೆರೆದು ನಿಂತಿದ್ದರು. ನನಗೇ ಮಂಜಿನೊಳಗೆ ನಾಲ್ಕು ಧಾರೆಗಳು ಕಾಣತೊಡಗಿದವು, ದೇವರಾಣೆ. ನನ್ನ ಜೀವಮಾನದ ಅತ್ಯುತ್ತಮ ಪಾಠವದು.

ಅಷ್ಟರಲ್ಲಿ ಗಾಳಿ ಬೀಸಿತು. ಮಂಜು ಮೆಲ್ಲಗೆ ಮೇಲೆದ್ದಿತು.

“ಮೇಡಂ,” ಎಂದಳು ಕಣ್ಣೊರೆಸಿಕೊಂಡಿದ್ದ ಹುಡುಗಿ, “ರಾಜಾಗ ತಗಡಿನ ಛಾವಣಿ ಐತ್ರಿ!”

ನಾನು ತೋರಿಸಿದ ದಿಕ್ಕಿನಲ್ಲಿ ಒಂದು ಉದ್ದನೆಯ ಕಟ್ಟಡವಿತ್ತು. ಎಡಗಡೆ ರಾಜನಿದ್ದಲ್ಲಿ “ಪುರುಷರು” ಎಂಬ ಫಲಕ. ಬಲಗಡೆ ರಾಣಿಯಿದ್ದಲ್ಲಿ “ಮಹಿಳೆಯರು”. ನಡುವೆ ರಾಕೆಟ್ ಚಿಮ್ಮಬೇಕಾದ ಜಾಗದಲ್ಲಿ ನಳದ ಹತ್ತಿರ ಒಬ್ಬ ಯಜಮಾನರು ಬಾಯಿ ಮುಕ್ಕಳಿಸುತ್ತಿದ್ದರು. ಒಂದು ವಿಷಯದಲ್ಲಿ ನನ್ನ ಮಾತು ಸುಳ್ಳಾಗಲಿಲ್ಲ. ಬಹಳ ದೂರ ಚಿಮ್ಮುತ್ತಿತ್ತು!

ನಲವತ್ತು ಮಕ್ಕಳು ಒಟ್ಟಿಗೆ ನಕ್ಕ ಸದ್ದಿಗೆ ಜಲಪಾತದ ಸದ್ದು ಅಡಗಿತು. ಆಮೇಲೆ ಯಾರೋ “ಹಿಂದ ನೋಡ್ರಲೇ!” ಎಂದು ಕೂಗಿದರು. ಎಲ್ಲರೂ ತಿರುಗಿದೆವು.

ಮಂಜಿನ ಕಿಂಡಿಯಲ್ಲಿ ಕಪ್ಪು ಬಂಡೆಯ ಎತ್ತರದ ಗೋಡೆ. ಅದರ ಮೇಲಿಂದ ನಾಲ್ಕು ಬಿಳಿ ಗೆರೆಗಳು. ಚಳಿಗಾಲದ ನೀರು, ಹೆಚ್ಚಿಲ್ಲ. ಅರ್ಧ ದಾರಿಯಲ್ಲೇ ಕೆಲವು ಹನಿಗಳು ಬೀಳುವುದನ್ನು ಮರೆತು ಗಾಳಿಯಲ್ಲಿ ನಿಂತಿದ್ದವು. ಅಬ್ಬರವಿಲ್ಲ, ಗಾಂಭೀರ್ಯವಿಲ್ಲ, ನಾನು ಹೇಳಿದ್ದು ಯಾವುದೂ ಇಲ್ಲ.

“ಅಯ್ಯೋ, ಹೀಗಿದ್ಯಾ ಇದು!” ಎಂದುಬಿಟ್ಟೆ, ಗಟ್ಟಿಯಾಗಿ.

ಮಾಸ್ತರರು ನನ್ನ ಮುಖ ನೋಡಿದರು. “ಮೇಡಂ... ನೀವೂ ಇದ ಮೊದಲನೇ ಸಲ ನೋಡಾಕತ್ತೀರೇನ್ರಿ?”

“ಹೌದು. ನಾನು ಗೈಡ್ ಅಲ್ಲ. ಕುಮಟೆಯ ಅಕ್ಕೋರು. ತಪ್ಪಾತು.”

ಅವರು ತಗಡಿನ ಛಾವಣಿಯತ್ತ ಒಮ್ಮೆ ನೋಡಿ ನಕ್ಕರು. “ಇರ್ಲಿ ಬಿಡ್ರಿ. ಹುಡುಗ್ರು ಎರಡೆರಡು ಜೋಗ ನೋಡಿದಂಗಾತು,” ಎಂದರು. ಎರಡು ನಿಮಿಷದಲ್ಲಿ ಮಂಜು ಮತ್ತೆ ಮುಚ್ಚಿತು. ಪಾರ್ಕಿಂಗಿನಲ್ಲಿ ನನ್ನ ಸ್ಕೂಟರನ್ನು ಕುಮಟೆಯ ಕಡೆಗೆ ಮುಖ ಮಾಡಿ ನಿಲ್ಲಿಸಿಕೊಟ್ಟವರೂ ಅವರೇ.

ಇಳಿಯುವಾಗ ಗೇರುಸೊಪ್ಪೆಯಲ್ಲಿ ನೋಡಿದೆ. ಒಂದು ಸ್ವೆಟರು ಬೆಂಚಿನ ಮೇಲೆಯೇ ಇತ್ತು. ಇನ್ನೊಂದರ ಮೇಲೆ ನಾಯಿ ಮಲಗಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ.

ಜನವರಿಯಲ್ಲಿ ಶಾಲೆಯ ಟೂರು ಹೋಯಿತು. ಸ್ವಚ್ಛ ಬಿಸಿಲು, ಮಂಜಿನ ಸುಳಿವಿಲ್ಲ. ಈ ಸಲ ಮಕ್ಕಳನ್ನು ಸರಿಯಾದ ದಿಕ್ಕಿಗೇ ನಿಲ್ಲಿಸಿದೆ. ಹೆಡ್ ಮಾಸ್ತರರು ಕೈಕಟ್ಟಿ ನಿಂತು, “ಹ್ಞೂಂ ಅಕ್ಕೋರೇ, ಸುರು ಮಾಡಿ,” ಎಂದರು.

ಆ ನಾಲ್ಕು ಬಿಳಿ ಗೆರೆಗಳನ್ನು ನೋಡಿದೆ. ಬಾಯಿ ತೆರೆದೆ. ಇಪ್ಪತ್ತಾರು ವರ್ಷದ ಪಾಠದಲ್ಲಿ ಒಂದು ಸಾಲೂ ಹೊರಗೆ ಬರಲಿಲ್ಲ.

“ಚಂದ ಅದೆ, ಅಲ್ದಾ?” ಎಂದೆ ಕೊನೆಗೆ.

ನಾಗವೇಣಿ ಜಲಪಾತವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಅಕ್ಕೋರೇ, ಕ್ಲಾಸಲ್ಲಿ ನೀವು ಬೀಳಿಸಿದ್ದು ಇದಕ್ಕಿಂತ ದೊಡ್ಡದಿತ್ತು!”

ಹೆಡ್ ಮಾಸ್ತರರು ಮೆಲ್ಲಗೆ ಗೈಡ್ ಹುಡುಕಲು ಹೊರಟರು.