ಮಾವನ ಜೀಪಿನ ಢಮಾರು

ನಮ್ಮ ಸೋದರಮಾವನಿಗೆ ಕಿವಿ ಮಂದ ಅಂತ ಪಣಕಹಳ್ಳಿಯೆಲ್ಲ ಹೇಳುತ್ತೆ. ಶುದ್ಧ ಸುಳ್ಳು! ಅವರಿಗೆ ಕೇಳಿಸದಿರುವುದು ಅತ್ತೆಯ ಮಾತು ಮಾತ್ರ. ತಮ್ಮ ಹಳೇ ಜೀಪಿನೊಳಗೆ ಒಂದು ನಟ್ಟು ನಿಟ್ಟುಸಿರು ಬಿಟ್ಟರೂ ಊರಾಚೆಯಿಂದಲೇ ಕೇಳಿಸುತ್ತೆ.

ಆ ಪೆಟ್ರೋಲ್ ಜೀಪು ಈಚೆಗೆ ಇದ್ದಕ್ಕಿದ್ದಂತೆ ಸಿಡಿಯತೊಡಗಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಸೈಲೆನ್ಸರಿನಿಂದ ಢಮಾರ್! ತಾಳವಾಡಿಯಲ್ಲಿ ಬಸ್ ಡ್ರೈವರೊಬ್ಬ ತನ್ನದೇ ಟೈರು ಒಡೆಯಿತೆಂದು ಇಳಿದು ಚಕ್ರಗಳನ್ನೆಲ್ಲ ಒದ್ದು ನೋಡಿದ. ತಿಗನಾರೆಯ ರೈತರೋ, ಮನೆಗೇ ಬಂದರು.

"ಅಣ್ಣೋ, ರಿಪೇರಿ ಮಾಡ್ಬ್ಯಾಡಿ. ಸಂಜೆ ನಮ್ಮೊಲದ ತಾವ ಒಂದು ಸುತ್ತು ಬನ್ನಿ ಸಾಕು, ಕಾಡಂದಿ ಸುಳಿಯಲ್ಲ!"

"ಇದೇನು ಪಟಾಕಿ ಅಂಗ್ಡಿಯೇನ್ರುಲಾ?" ಎಂದು ಮಾವ ಅವರನ್ನು ಅಟ್ಟಿದರು.

ಮೆಕ್ಯಾನಿಕ್ಕನಿಗೆ ತೋರಿಸಬಹುದಿತ್ತಲ್ಲ? ಛೇ, ಜೀಪನ್ನು ಬೇರೆಯವರ ಕೈಗೆ ಕೊಡುವುದುಂಟೆ! ಮೊದಲು ಪ್ಲಗ್ ಬಿಚ್ಚಿ ನೋಡಿದರು. ಬೂದಿ ಬಳಿದಂತೆ ಬೆಳ್ಳಗಿತ್ತು. "ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ" ಎಂದು ತೀರ್ಪಾಯಿತು. ಕಾರ್ಬುರೇಟರ್ ಬಿಚ್ಚಿ, ಅತ್ತೆಯ ಇಡ್ಲಿ ಪಾತ್ರೆಗೆ ಪೆಟ್ರೋಲ್ ಸುರಿದು ತೊಳೆದರು. ಕಾರ್ಬುರೇಟರಿನ ಕಸ ಹೋಯಿತು. ಇಡ್ಲಿಗೆ ವಾಸನೆ ಬಂತು! ಸಿಡಿಯುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಮಾರನೇ ದಿನ ಅತ್ತೆಯನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದರು. "ತುಳಿ ಕಣಮ್ಮಿ... ಬುಡು... ತುಳಿ!" ತಾವು ಜೀಪಿನಡಿ ನುಗ್ಗಿ, ಸೈಲೆನ್ಸರ್ ಪೈಪಿನುದ್ದಕ್ಕೂ ಊದುಬತ್ತಿ ಆಡಿಸಿದರು.

"ಆಯುಧಪೂಜೆ ಇನ್ನೂ ದೂರ ಅದ," ಎಂದರು ಅತ್ತೆ.

"ಸುಮ್ಕಿರಮ್ಮಿ! ಈ ಜಾಯಿಂಟ್ ತಾವ ಊದ್ಬತ್ತಿ ಒಗೆ ಒಳಕ್ಕೆ ಎಳ್ಕತಾ ಅದ. ಇಲ್ಲೇ ಗಾಳಿ ನುಗ್ಗಿ, ಒಳಗೆ ಉಳಿದಿರೋ ಪೆಟ್ರೋಲು ಸಿಡೀತಾ ಇರೋದು!"

ಕಾರಣ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಅತ್ತೆ ಜೋರಾಗಿ ತುಳಿದು ಬಿಟ್ಟರು. ಢಮಾರ್! ತೆವಳಿ ಹೊರಬಂದ ಮಾವನ ಬಿಳಿ ಮೀಸೆ ಯೌವನದ ಬಣ್ಣಕ್ಕೆ ತಿರುಗಿತ್ತು.

ಜಾಯಿಂಟಿಗೆ ಹೊಸ ವಾಷರ್ ಬಿತ್ತು, ಜೀಪು ಸುಮ್ಮನಾಯಿತು.

ಅದೇ ಹೊತ್ತಿಗೆ, ಮದುವೆಯಾಗಿ ಎಷ್ಟೋ ವರ್ಷಕ್ಕೆ, ಮಾವನ ಮಗಳಿಗೆ ಮಗು ಹುಟ್ಟಿತ್ತು. ಮರುವಾರ ಚಾಮರಾಜನಗರದ ಆಸ್ಪತ್ರೆಯಿಂದ ತಾಯಿ ಮಗುವನ್ನು ಆ ಜೀಪಿನಲ್ಲೇ ಕರೆತಂದೆವು. ದಾರಿಯುದ್ದಕ್ಕೂ ಒಂದೇ ಒಂದು ಸಿಡಿತವಿಲ್ಲ. ಆದರೂ ನಮ್ಮ ಬೀದಿಯ ತಿರುವಿನಲ್ಲಿ ಮಾವ ಎಂಜಿನ್ ಆರಿಸಿ ಇಳಿದುಬಿಟ್ಟರು.

"ಏನ್ ಮಾವ, ಕೆಟ್ಟೋಯ್ತಾ?" ಎಂದೆ.

"ಮೆತ್ತಗೆ ಮಾತಾಡ್ಲಾ. ಮಗ ಈಗ ನಿದ್ದೆ ಮಾಡ್ತಾ ಅದ. ತಳ್ಳು."

ಅತ್ತೆ ಇಳಿದು, ಸೆರಗು ಸಿಕ್ಕಿಸಿ ನನ್ನ ಪಕ್ಕ ಕೈಯಾನಿಸಿದರು. ಮಾವ ಹೊರಗಿನಿಂದಲೇ ಸ್ಟೇರಿಂಗ್ ಹಿಡಿದು, ಹಿಂತಿರುಗಿ ಹಿಂತಿರುಗಿ ನೋಡುತ್ತ ನಡೆದರು. ಹಿಂದಿನ ಸೀಟಿನಲ್ಲಿ ಮಗು ನಿದ್ದೆಯಲ್ಲೇ ಮುಷ್ಟಿ ಬಿಚ್ಚಿತು.