ಶ್ಶ್ ಸಾರ್ ಸಾಕಿದ ಮೋಡ

ನಾಯಿಮರಿ ಮನೆಗೆ ಬಂದ ದಿನವೇ ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಆಮೇಲಿನ ಅಷ್ಟೂ ಅವಾಂತರಕ್ಕೆ ಆ ಉಪಾಯವೇ ಮೂಲ.

"ನೋಡಿ ಅಳಿಯಂದ್ರೇ, ನಾಯಿಮರಿ ಆದ್ರೇನು, ಮನುಷ್ಯರ ಕೂಸಾದ್ರೇನು, ಅಭ್ಯಾಸ ಮಾಡ್ಸೋದು ಒಂದೇ ಥರ. ಹೊರಗೆ ಕರ್ಕೊಂಡು ಹೋಗಿ 'ಸ್ಸ್ಸ್' ಅನ್ನಿ. ಮಾಡಿದ ತಕ್ಷಣ ಬಾಯಿಗೊಂದು ಬಿಸ್ಕತ್ತು. ನಿಮ್ಮ ಹೆಂಡ್ತಿಗೂ ನಾನು ಹಾಗೇ ಕಲ್ಸಿದ್ದು."

"ಅಮ್ಮಾ!" ಎಂದು ಅಡುಗೆಮನೆಯಿಂದ ಮಗಳು ಕಿರುಚಿದಳು.

ಅಳಿಯಂದಿರು ಊರಿನ ಗ್ರಂಥಾಲಯದಲ್ಲಿ ಗ್ರಂಥಪಾಲಕರು. ದಿನವಿಡೀ ತುಟಿಯ ಮೇಲೆ ಬೆರಳಿಟ್ಟು ಓದುಗರಿಗೆ 'ಶ್ಶ್' ಅನ್ನುವುದೇ ಕಸುಬಾಗಿ, ಅವರ ಸ್ವಂತ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಶ್ಶ್ ಸಾರ್. ಆದರೆ ಮನೆಯೊಳಗೆ ಆ ಶ್ಶ್ ಕವಡೆ ಕಾಸಿಗೂ ಬಾಳುತ್ತಿರಲಿಲ್ಲ. ಹೆಂಡತಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅತ್ತೆ ಶುರು, ಅತ್ತೆ ನೀರು ಕುಡಿಯುವ ಹೊತ್ತಿಗೆ ಹೆಂಡತಿ ಶುರು. ಇಂಥ ಮನೆಯಲ್ಲಿ ತಾವು ಬಾಯಿ ತೆರೆದರೆ ಕಿವಿ ನಿಮಿರಿಸಿ, ತಲೆ ಓರೆ ಮಾಡಿ ಕೇಳುವ ಒಂದು ಜೀವ ಬಂದದ್ದು ಅವರಿಗೆ ಸ್ವರ್ಗ ಸಿಕ್ಕಷ್ಟು ಸಂತೋಷವಾಗಿತ್ತು. ಬೂದು ಬಣ್ಣ ನೋಡಿ ಮರಿಗೆ 'ಮೋಡ' ಎಂದು ಹೆಸರಿಟ್ಟರು. ಅದು ಎಲ್ಲೆಂದರಲ್ಲಿ ಸುರಿಸಿ ಹೆಸರು ಉಳಿಸಿಕೊಂಡಿತು.

ಅತ್ತೆಯ ಉಪಾಯ ಅಂಗಳದಲ್ಲಿ ಅಮೋಘವಾಗಿ ಫಲಿಸಿತು. ಶ್ಶ್ ಸಾರ್ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು 'ಸ್ಸ್ಸ್' ಅನ್ನುವರು, ಮೋಡ ಸುರಿಸುವುದು, ಒಂದು ಬಿಸ್ಕತ್ತು ಮುರಿದು ಅರ್ಧ ಮೋಡದ ಬಾಯಿಗೆ, ಅರ್ಧ ತಮ್ಮ ಬಾಯಿಗೆ. ಅಷ್ಟು ಹೊತ್ತು 'ಸ್ಸ್ಸ್' ಅಂದಮೇಲೆ ತಮಗೂ ಅವಸರವಾಗಿ ಒಳಗೆ ಓಡುವರು. ಎಲ್ಲ ಸುಸೂತ್ರ.

ಆದರೆ ಮನೆಯೊಳಗೆ ಮೋಡಕ್ಕೆ ಅದೇನು ಬರುತ್ತಿತ್ತೋ! ಚೆನ್ನಾಗಿ ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ನಿಂತು ಸುರಿಸಿಬಿಡುವುದು. ಹೆಂಡತಿ ಸೌಟು ಎತ್ತುವಳು. ಶ್ಶ್ ಸಾರ್ ಮರಿಯನ್ನು ಎತ್ತಿಕೊಂಡು ಹೊರಗೆ ಓಡಿ, "ಹೆದರಿಬಿಟ್ಯಾ ಕಂದಾ?" ಎಂದು ಮತ್ತೆ ಬಿಸ್ಕತ್ತು ಮುರಿಯುವರು.

ಆ ದಿನ ಬೆಳಿಗ್ಗೆ ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. ನಡುಮನೆಗೆ ಹೊಸ ಕಾರ್ಪೆಟ್ ಹಾಸುವವರು ಬರುವವರಿದ್ದರು.

"ರೀ, ಇವತ್ತು ಇದನ್ನ ನಿಮ್ಮ ಜೊತೆಗೇ ಕರ್ಕೊಂಡು ಹೋಗಿ. ಸಂಜೆವರೆಗೂ ನಿಮ್ಮ ಲೈಬ್ರರಿ ಒಳಗೆ ಸರಿಯಾಗಿದ್ರೆ ಈ ಮನೇಲಿರತ್ತೆ. ಇಲ್ಲಾ, ನಾಳೆ ಬೆಳಿಗ್ಗೆ ಕೊಟ್ಟೋರ ಮನೆಗೆ ವಾಪಸ್."

"ಅಲ್ವೇ, ಪಾಪ ಮೂಕಪ್ರಾಣಿ..."

"ಅದು ಮೂಕ ಆದ್ರೆ ನೀವೂ ಮೂಕರಾಗಿ. ಒಂದು ಹನಿ ಬಿದ್ರೂ ನಂಗೆ ಗೊತ್ತಾಗತ್ತೆ. ನಿಮ್ಮ ಗುಡ್ಸೋ ಅಕ್ಕಂಗೆ ಫೋನ್ ಮಾಡಿದೀನಿ."

ಗ್ರಂಥಾಲಯದ ನೆಲ ಗುಡಿಸಿ ಒರೆಸುವ ಅಕ್ಕ ಅವರ ಹೆಂಡತಿಯ ಜೀವದ ಗೆಳತಿ. ಅವಳ ಕಣ್ಣಿಗೆ ಬಿದ್ದದ್ದು ಅರ್ಧ ಗಂಟೆಯೊಳಗೆ ಅಡುಗೆಮನೆಗೆ ತಲುಪುತ್ತಿತ್ತು. ಶ್ಶ್ ಸಾರ್ ಮೋಡವನ್ನು ಚೀಲದಲ್ಲಿ ಕೂರಿಸಿಕೊಂಡು, ಜೇಬಿಗೆ ಬಿಸ್ಕತ್ತು ಹಾಕಿಕೊಂಡು ಹೊರಟರು. ಇದನ್ನು ವಾಪಸ್ ಕೊಟ್ಟರೆ ನಾಳೆಯಿಂದ ತಮ್ಮ ಮಾತು ಕೇಳುವವರು ಯಾರು ಎಂದು ದಾರಿಯುದ್ದಕ್ಕೂ ಚೀಲದೊಳಗಿನ ಮೋಡವನ್ನೇ ಕೇಳುತ್ತ ನಡೆದರು.

ಅಕ್ಕ ಬಾಗಿಲಲ್ಲೇ ಬಕೆಟ್ ಹಿಡಿದು ಕಾದಿದ್ದಳು. "ಬನ್ನಿ ಸಾರ್. ನಾಯಿ ಕಥೆ ಇರ್ಲಿ, ನಿಮ್ಮ ಕಥೆ ಏನು? ಒಂದು ವಾರದಿಂದ ನೋಡ್ತಿದೀನಿ, ಗಳಿಗೆಗೊಂದ್ಸಲ ಬಾತ್‌ರೂಮಿಗೆ ಓಡ್ತೀರಿ. ಸಕ್ಕರೆ ಕಾಯಿಲೆ ಇರ್ಬೇಕು, ಟೆಸ್ಟ್ ಮಾಡ್ಸಿ."

"ಚಳಿ ಅಕ್ಕಾ, ಚಳಿ," ಎಂದು ಶ್ಶ್ ಸಾರ್ ಮಾತು ಹಾರಿಸಿ, ಮೋಡವನ್ನು ತಮ್ಮ ಮೇಜಿನ ಕೆಳಗೆ ಕಟ್ಟಿಹಾಕಿದರು.

ಸ್ವಲ್ಪ ಹೊತ್ತಿಗೆ ದಿನದ ಗಿರಾಕಿಗಳು ಬಂದರು. ರಿಟೈರಾದ ಹೆಡ್ಮಾಸ್ತರು, ಎದುರು ಅಂಗಡಿಯ ಟೈಲರು. ಇಬ್ಬರಿಗೂ ಒಂದೇ ಪತ್ರಿಕೆಯ ಒಂದೇ ಪುಟ ಬೇಕು. ಟೈಲರು ಪುಟ ಎಳೆದ, ಹೆಡ್ಮಾಸ್ತರು "ಏನಯ್ಯಾ, ಶಿಸ್ತಿಲ್ವಾ?" ಎಂದು ಗುಡುಗಿದರು. ಶ್ಶ್ ಸಾರ್ ಅಭ್ಯಾಸಬಲದಿಂದ ಬೆರಳು ತುಟಿಗಿಟ್ಟು, "ಶ್ಶ್!" ಎಂದರು.

ಪಾದದ ಹತ್ತಿರ ಬೆಚ್ಚಗಾಯಿತು.

ಬಗ್ಗಿ ನೋಡಿದರೆ ಮೋಡ ಸುರಿಸಿ ಮುಗಿಸಿ, ಬಾಲ ಅಲ್ಲಾಡಿಸುತ್ತ ಬಿಸ್ಕತ್ತಿಗಾಗಿ ಮುಖ ನೋಡುತ್ತಿದೆ. ಅಕ್ಕ ಹಿಂದಿನ ಕೋಣೆಯಲ್ಲಿದ್ದಳು, ಪುಣ್ಯ. ಶ್ಶ್ ಸಾರ್ ಬಿಸ್ಕತ್ತಿನ ಮಾತಿರಲಿ, ಉಸಿರನ್ನೂ ಬಿಡದೆ ಕರ್ಚೀಫಿನಲ್ಲಿ ನೆಲ ಒರೆಸಿ, ಅದನ್ನು ತೊಳೆಯಲು ಬಾತ್‌ರೂಮಿಗೆ ಓಡಿದರು. ಹೇಗೂ ಅವರಿಗೂ ಹೋಗಬೇಕಿತ್ತು.

ಬಂದು ಕೂತರೋ ಇಲ್ಲವೋ, ಟೈಲರು ಯಾವುದೋ ಜೋಕು ಓದಿ ಹೋ ಎಂದು ನಕ್ಕ. ಈ ಸಲ ಹೆಡ್ಮಾಸ್ತರೇ ಅವನಿಗೆ "ಶ್ಶ್!" ಎಂದರು. ಮತ್ತೆ ಪಾದ ಬೆಚ್ಚಗಾಯಿತು. ಮತ್ತೆ ಮೋಡ ಬಿಸ್ಕತ್ತಿಗಾಗಿ ಮುಖ ನೋಡಿತು.

"ಬಿಸ್ಕತ್ತಂತೆ ಬಿಸ್ಕತ್ತು!" ಎಂದು ಶ್ಶ್ ಸಾರ್ ಹಲ್ಲು ಕಚ್ಚಿ, ಹಳೇ ಪತ್ರಿಕೆ ಒತ್ತಿ ಒರೆಸುತ್ತಿದ್ದಾಗ ತಲೆಯಲ್ಲಿ ದೀಪ ಹತ್ತಿಕೊಂಡಿತು. ಅಂಗಳದಲ್ಲಿ 'ಸ್ಸ್ಸ್'. ಇಲ್ಲಿ 'ಶ್ಶ್'. ಮತ್ತೆ ಅಡುಗೆಮನೆಯಲ್ಲಿ? ಕುಕ್ಕರ್! ಅದು 'ಸ್ಸ್ಸ್' ಎಂದಾಗಲೆಲ್ಲ ಈ ವಿಧೇಯ ಪ್ರಾಣಿ ಹೇಳಿದ ಮಾತು ಕೇಳಿದೆ, ಅಷ್ಟೇ. ಅಯ್ಯೋ ನನ್ನ ಬಂಗಾರವೇ, ಇಡೀ ಮನೆಯಲ್ಲಿ ಮಾತು ಕೇಳುವವನು ನೀನೊಬ್ಬನೇ ಎಂದು ಅವರಿಗೆ ಕಣ್ಣಲ್ಲಿ ನೀರೇ ಬಂತು.

ಸರಿ, ಇನ್ನು ಸಂಜೆಯವರೆಗೆ ಈ ಕಟ್ಟಡದಲ್ಲಿ ಯಾರೂ ಶ್ಶ್ ಅನ್ನಬಾರದು. ಅವರು ಎದ್ದು ಹೋಗಿ ಕೈ ಮುಗಿದರು. "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಶ್ಶ್ ಅನ್ಬೇಡಿ. ಬೇಕಾದ್ರೆ ಬಾಯಿ ತುಂಬ ಮಾತಾಡಿ."

ಹೆಡ್ಮಾಸ್ತರು ಕನ್ನಡಕ ತೆಗೆದು ನೋಡಿದರು. "ಜ್ವರ ಏನಾದ್ರೂ ಇದೆಯೇನ್ರೀ?"

"ಜೋರಾಗೂ ಮಾತಾಡ್ಬಹುದಾ ಸಾರ್?" ಟೈಲರು ಕೇಳಿದ.

"ಮಾತಾಡಪ್ಪಾ. ಹಾಡು ಹೇಳು ಬೇಕಾದ್ರೆ."

ಇಷ್ಟು ಸಾಕಾಯಿತು. ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತೆಲ್ಲ ಒಮ್ಮೆಗೇ ಹೊರಬಿತ್ತು. ಹೆಡ್ಮಾಸ್ತರು ಮಗ್ಗಿ ತಪ್ಪಿದ ತಮ್ಮ ಹಳೇ ಶಿಷ್ಯರನ್ನೆಲ್ಲ ಬೈಯತೊಡಗಿದರು. ಟೈಲರು ನಿಜವಾಗಿಯೂ ಹಾಡತೊಡಗಿದ. ಗಲಾಟೆ ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ಸೇರಿಕೊಂಡರು. ಗ್ರಂಥಾಲಯ ಸಂತೆಯಾಯಿತು. ಶ್ಶ್ ಸಾರ್ ಮಾತ್ರ ಮೋಡದ ಪಕ್ಕ ನಿಶ್ಚಿಂತೆಯಿಂದ ಕೂತಿದ್ದರು.

ಅಕ್ಕ ಬಂದು ಮೇಜಿನ ಕೆಳಗೆ ಇಣುಕಿದಳು. ನೆಲ ಒಣಗಿತ್ತು. "ಪರವಾಗಿಲ್ವೇ ನಾಯಿ! ನೀವೂ ಆಗಿನಿಂದ ಎದ್ದಿಲ್ಲ ಸಾರ್. ಸಕ್ಕರೆ ಇಳಿದಿರ್ಬೇಕು."

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಆಕೃತಿ ಬಂದು ನಿಂತಿತು. ಮೇಲಧಿಕಾರಿ ಮೇಡಂ! ಮುನ್ಸೂಚನೆಯಿಲ್ಲದೆ ತಪಾಸಣೆಗೆ ಬರುವುದರಲ್ಲಿ ಅವರದು ಎತ್ತಿದ ಕೈ. ಎದುರಿಗೆ ಟೈಲರು ಬೆಂಚಿನ ಮೇಲೆ ನಿಂತು ತಾಳ ಹಾಕುತ್ತಿದ್ದಾನೆ. ಮೇಡಂ ಮುಖ ಕೆಂಪಾಯಿತು. ನಿಧಾನವಾಗಿ ಬೆರಳು ಎತ್ತಿ ತುಟಿಯ ಮೇಲಿಟ್ಟರು.

"ಬೇಡ ಮೇಡಂ!" ಶ್ಶ್ ಸಾರ್ ಕೂಗಿದರು.

"ಶ್ಶ್ಶ್ಶ್ಶ್ಶ್..."

ಅಂಥ ಉದ್ದನೆಯ ಶ್ಶ್ ಆ ಕಟ್ಟಡದಲ್ಲಿ ಯಾರೂ ಹೇಳಿರಲಿಲ್ಲ. ಶ್ಶ್ ಸಾರ್ ಕೈಗೆ ಸಿಕ್ಕ ಊಟದ ಡಬ್ಬಿಯ ಮುಚ್ಚಳ ಹಿಡಿದು ಮೇಜಿನ ಕೆಳಗೆ ಹಾರಿ, ಮೋಡದ ಹೊಟ್ಟೆಯಡಿ ಒಡ್ಡಿದರು. ಅಕ್ಕನೂ ಬಕೆಟ್ ಬಿಟ್ಟು ಬಗ್ಗಿದಳು.

ಮೋಡ ಎದ್ದು ನಿಂತಿತು. ಶ್ಶ್ ಸಾರ್ ಮುಖ ನೋಡಿತು. ಜೇಬು ನೋಡಿತು. ಆಮೇಲೆ ಬಾಯ್ತುಂಬ ಆಕಳಿಸಿ ಮತ್ತೆ ಮಲಗಿತು.

ಒಂದು ಹನಿಯೂ ಇಲ್ಲ!

"ಕಲ್ತುಬಿಡ್ತು! ಅಕ್ಕಾ, ನೋಡಿದ್ರಾ, ಕಲ್ತುಬಿಡ್ತು!" ಎಂದು ಶ್ಶ್ ಸಾರ್ ಮೇಜಿನ ಕೆಳಗಿನಿಂದಲೇ ಕೂಗಿದರು.

"ಮೊದಲು ಎದ್ದು ಬನ್ನಿ ಈಚೆಗೆ," ಮೇಡಂ ಅಬ್ಬರಿಸಿದರು.

ಆಗ ಶ್ಶ್ ಸಾರ್ ಮುಖದ ಕಳೆ ಬದಲಾಯಿತು. "ಮೇಡಂ... ಎದ್ದರೆ ಕಷ್ಟ ಇದೆ."

"ಏನ್ರೀ ಹಾಗಂದ್ರೆ?"

ಹೇಳುವಷ್ಟು ಸಮಯವಿರಲಿಲ್ಲ. ಮುಚ್ಚಳ ಕೈಯಲ್ಲೇ ಹಿಡಿದು, ಮಂಡಿ ಮಂಡಿ ಜೋಡಿಸಿಕೊಂಡು, ಮೇಡಂ, ಟೈಲರು, ಬಕೆಟ್ ಎಲ್ಲವನ್ನೂ ದಾಟಿ ಬಾತ್‌ರೂಮಿಗೆ ಓಡಿದರು. ಮುಟ್ಟಿದರು, ಆದರೆ ಕೂದಲೆಳೆಯಲ್ಲಿ. ಹಿಂದಿರುಗಿ ಬಂದಾಗ ಮೋಡ ಮೇಡಂ ತೊಡೆಯ ಮೇಲಿತ್ತು. "ಇಡೀ ಗ್ರಂಥಾಲಯದಲ್ಲಿ ಶಿಸ್ತು ಅಂತ ಇರೋದು ಇದೊಂದಕ್ಕೇ," ಎಂದರು ಮೇಡಂ.

ಸಂಜೆ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಹೆಂಡತಿ ಬಾಗಿಲಿಗೇ ಬಂದು ಮೋಡವನ್ನು ಎತ್ತಿಕೊಂಡಳು. "ಗೆದ್ದುಬಿಟ್ಯಂತಲ್ಲೋ ರಾಜಾ! ಬಾ, ಇನ್ನು ಈ ಮನೆ ನಿಂದೇ." ಹೊಸ ಕಾರ್ಪೆಟ್ಟಿನ ನಟ್ಟನಡುವೆ ಅದನ್ನು ಕೂರಿಸಿದಳು. ಶ್ಶ್ ಸಾರ್ ಪಕ್ಕದಲ್ಲೇ ನಿಂತು ಅದರ ತಲೆ ಸವರಿದರು. ಎಷ್ಟು ಖುಷಿಯಾಯಿತೆಂದರೆ ಕುಕ್ಕರ್ ವಿಷಯ ಹೇಳುವುದನ್ನೇ ಮರೆತರು.

ಅಡುಗೆಮನೆಯಲ್ಲಿ ಕುಕ್ಕರ್ ಬಿಸಿಯೇರಿತ್ತು.

"ಸ್ಸ್ಸ್ಸ್ಸ್..."

ಹೆಂಡತಿ ಗಾಬರಿಯಿಂದ ಮೋಡವನ್ನು ನೋಡಿದಳು. ಮೋಡ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆದರೆ ಅದರ ಪಕ್ಕದಲ್ಲಿ ನಿಂತಿದ್ದವರು ಒಂದು ಕಾಲನ್ನು ಇನ್ನೊಂದಕ್ಕೆ ಸುತ್ತಿಕೊಂಡು, ಕಾರ್ಪೆಟ್ಟಿನ ಮೇಲೆ ಕುಂಟತೊಡಗಿದರು. ಅಲ್ಲಿಂದಲೇ ಕೈ ಚಾಚಿ ಬಾತ್‌ರೂಮಿನ ಬಾಗಿಲು ಬಡಿದರು. ಒಳಗಿನಿಂದ ಚಿಲಕ ಹಾಕಿತ್ತು.

"ಅತ್ತೇ! ಬೇಗ ಬನ್ನಿ, ಅವಸರ!"

"ಈಗ ತಾನೇ ಬಂದಿದೀನಿ. ಏನಾಯ್ತು ಇವರಿಗೆ?" ಒಳಗಿನಿಂದಲೇ ಅತ್ತೆ ಕೇಳಿದರು.

"ಕುಕ್ಕರ್ 'ಸ್ಸ್' ಅಂದ್ರೆ ಇವರು ಕುಣೀತಿದಾರೆ ಕಣಮ್ಮಾ. ನಾಯಿ ಸುಮ್ಮನೆ ಕೂತಿದೆ!"

ಒಳಗಿನಿಂದ ಅತ್ತೆಯ ದನಿ ಬಂತು: "ನಾಯಿಗೆ ಇವತ್ತು ಬಿಸ್ಕತ್ತು ಕೊಟ್ರಾ ಅಳಿಯಂದ್ರೇ?"

"ಇಲ್ಲಾ ಅತ್ತೇ... ಬಾಗ್ಲು..."

"ಅದಕ್ಕೇ ಅದು ಬಿಟ್ಬಿಡ್ತು. ದಿನಾ ಉಳಿದರ್ಧ ಬಿಸ್ಕತ್ತು ಯಾರು ತಿಂತಿದ್ರು?"

ಕುಕ್ಕರ್ ಇನ್ನೊಮ್ಮೆ ಉಸಿರೆಳೆದು "ಸ್ಸ್ಸ್" ಎಂದಿತು. ಹೆಂಡತಿಗೆ ಎಲ್ಲ ಅರ್ಥವಾಗಿಹೋಯಿತು. ಸೌಟು ಎತ್ತಿ ಅಂಗಳದ ಬಾಗಿಲು ತೋರಿಸಿದಳು.

"ರೀ, ಮೊದ್ಲು ಕಾರ್ಪೆಟ್ ಮೇಲಿಂದ ಇಳೀರಿ! ನಡೀರಿ ಗಿಡದ ಹತ್ರ!"

ಶ್ಶ್ ಸಾರ್ ಓಡಿದರು. ಹಿಂದೆಯೇ ಮೋಡವೂ ಬಾಲ ಅಲ್ಲಾಡಿಸುತ್ತ ಓಡಿತು. ಬಾತ್‌ರೂಮಿನೊಳಗಿಂದ ಅತ್ತೆ ಕೂಗಿ ಹೇಳಿದರು:

"ಹೊರಗೇ ಮಾಡಿದ್ರೆ ಬೈಬೇಡ ಕಣೇ, ಒಂದು ಬಿಸ್ಕತ್ತು ಕೊಡು!"