ಗೇಟೆದುರಿನ ಕೆಫೆಗೆ ಬಿಯರ್ ಬಂದ ಬಗೆ

ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಜಗಳಕ್ಕೆ ಬರಗಾಲ ಅಂತ ಬಂದದ್ದೇ ಇಲ್ಲ. ಕಾರು ನಿಲ್ಲಿಸುವ ಜಗಳ ಆರುವಷ್ಟರಲ್ಲಿ ಬೀದಿನಾಯಿಗೆ ರೊಟ್ಟಿ ಹಾಕುವವರ ಜಗಳ ಹೊತ್ತಿಕೊಳ್ಳುತ್ತದೆ. ಈ ಸಲದ್ದು ಕೆಫೆ ಜಗಳ.

ಗೇಟಿನ ಎದುರಿಗೆ ಕೆಫೆ ಇಟ್ಟವಳು ಒಬ್ಬ ಪಂಜಾಬಿ ಹುಡುಗಿ. ನನ್ನ ಮೊಮ್ಮಗಳನ್ನು ನೋಡಿ ಅವಳೂ ನನ್ನನ್ನು ಅಜ್ಜಿ ಅಂತಲೇ ಕರೆಯುತ್ತಾಳೆ. "ಅಜ್ಜಿ, ಬರೀ ಕಾಫಿ ಮಾರಿದರೆ ಬಾಡಿಗೆ ಹುಟ್ಟಲ್ಲ. ಬಿಯರಿಗೆ ಲೈಸೆನ್ಸ್ ಕೇಳಿದ್ದೀನಿ. ಸಿಗದಿದ್ದರೆ ಬೀಗ ಹಾಕೋದೇ" ಅಂದಳು.

ಬಿಯರ್ ಕಟ್ಟಿಕೊಂಡು ನನಗೇನು? ಆದರೆ ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಈ ದಿಲ್ಲಿಯಲ್ಲಿ ನಾನೊಬ್ಬಳೇ ಹೋಗಿ ಕೂರುವ ಜಾಗ ಅದೊಂದೇ. ನಾನು ಕೊಟ್ಟ ಪುಡಿಯಲ್ಲೇ ನನಗೆ ಕಾಫಿ ಮಾಡಿಕೊಟ್ಟು, ನನ್ನ ಅರ್ಧಂಬರ್ಧ ಹಿಂದಿಯ ಕಥೆಗಳಿಗೆ ಹೂಂಗುಟ್ಟುವವಳು. ಅವಳು ಬೀಗ ಹಾಕಿದರೆ ನಾನು ಕಥೆ ಯಾರಿಗೆ ಹೇಳಲಿ, ಫ್ರಿಜ್ಜಿಗಾ?

ಎರಡು ಹೆಬ್ಬೆಟ್ಟು

ಮೊದಲು ಬಂದವರು ಸೊಸೈಟಿಯ ಅಧ್ಯಕ್ಷರು. ಎಲ್ಲರೂ ಪ್ರಧಾನ್‌ಜಿ ಅನ್ನುತ್ತಾರೆ. "ಮಾತಾಜಿ, ನಮ್ಮ ಸಂಸ್ಕೃತಿ ಉಳಿಸಬೇಕು, ಇಲ್ಲಿ ಒತ್ತಿ" ಅಂತ ಒಂದು ಕಾಗದ ಹಿಡಿದರು. ಓದು ಬರಹ ಬಾರದವಳು ನಾನು. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಬಾರದಲ್ಲ, ಒತ್ತಿದೆ. ಮಾರನೆಯ ದಿನ ಹುಡುಗಿ ಬೆಂಬಲದ ಕಾಗದ ತಂದಳು. ಅದಕ್ಕೂ ಒತ್ತಿದೆ.

ಮೂರನೆಯ ದಿನ ಪ್ರಧಾನ್‌ಜಿ ಕೆಂಪಗಾಗಿ ಬಂದರು. "ಮಾತಾಜಿ, ಇದೆಂಥ ಅನ್ಯಾಯ! ಎರಡೂ ಕಡೆ ನಿಮ್ಮ ಹೆಬ್ಬೆಟ್ಟಿದೆ!"

"ಅಯ್ಯೋ, ಅನ್ಯಾಯ ಎಲ್ಲಿ ಬಂತು? ನಿಮಗೆ ಒತ್ತಿದ್ದು ಎಡಗೈದು, ಅವಳಿಗೆ ಒತ್ತಿದ್ದು ಬಲಗೈದು. ದೇವರು ಕೊಟ್ಟಿದ್ದೇ ಎರಡು. ಇನ್ನೊಂದು ಪಾರ್ಟಿ ಬಂದರೆ ಕಾಲಿಂದು ಒತ್ತಬೇಕಾಗುತ್ತೆ" ಅಂದೆ.

ತಂಪಾದ ವಿರೋಧ

ಆಮೇಲೆ ವಿರೋಧ ಸಭೆ ಕರೆದರು. ಜೂನ್ ತಿಂಗಳ ದಿಲ್ಲಿ, ಕೇಳಬೇಕೆ! ಸೊಸೈಟಿ ಹಾಲಿನಲ್ಲಿ ಎ.ಸಿ. ಕೆಟ್ಟಿತ್ತು. ಸಂಸ್ಕೃತಿ ಬೆವರುವುದು ಬೇಡ ಅಂತ ಎಲ್ಲರೂ ಎದ್ದು ಆ ಕೆಫೆಗೇ ಹೋಗಿ ಕೂತರು. ಮೂಲೆಯಲ್ಲಿ ನಾನೂ ಇದ್ದೆ. ಎರಡು ಗಂಟೆ ಹೊತ್ತು ಅವಳ ಎ.ಸಿ. ಕೆಳಗೆ ಕೂತು, ಅವಳದೇ ಕೋಲ್ಡ್ ಕಾಫಿ ಹೀರುತ್ತಾ ಅವಳನ್ನೇ ಬೈದರು. ಪಾಪದ ಹುಡುಗಿ ಸ್ಟ್ರಾ ಸಾಲದೆ ಇನ್ನೊಂದು ಕಟ್ಟು ಒಡೆದಳು.

ಕೊನೆಗೆ ಪ್ರಧಾನ್‌ಜಿ ಎದ್ದು ಮೇಜು ಗುದ್ದಿದರು: "ಇಂಥ ಜಾಗ ನಮ್ಮ ಏರಿಯಾದಲ್ಲಿ ಇರಲೇಕೂಡದು!" ಚಪ್ಪಾಳೆಯೋ ಚಪ್ಪಾಳೆ. ಅದು ನಿಂತ ಮೇಲೆ ಹುಡುಗಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಬೇಟಾ, ನಾಳೆ ಎಷ್ಟು ಗಂಟೆಗೆ ತೆಗೀತೀಯ? ಸಭೆ ಇನ್ನೂ ಸ್ವಲ್ಪ ಬಾಕಿ ಇದೆ."

ಬ್ಯಾಟರಿ

ಅಂದಹಾಗೆ ನಮ್ಮ ಸೊಸೈಟಿಯ ಗಂಡಸರು ಯಾರೂ ಕುಡಿಯುವುದಿಲ್ಲ. ಸಂಜೆ ಆರಕ್ಕೆ ಸರಿಯಾಗಿ ಪಾರ್ಕಿನ ಗೋಡೆ ಪಕ್ಕ ಕಾರು ನಿಲ್ಲಿಸಿ, ಗಾಜು ಏರಿಸಿ, ಕಡಲೆಕಾಯಿ ಬೀಜ ಇಟ್ಟುಕೊಂಡು ನಾಲ್ಕು ನಾಲ್ಕು ಜನ ಸುಮ್ಮನೆ ಕೂತಿರುತ್ತಾರೆ, ಅಷ್ಟೆ. ಒಮ್ಮೆ ಗಾಜು ತಟ್ಟಿ, "ಎಲ್ಲಿಗೆ ಹೊರಟಿರಿ ಭಾಯಿಸಾಬ್?" ಅಂದೆ.

"ಎಲ್ಲಿಗೂ ಇಲ್ಲ ಮಾತಾಜಿ, ಬ್ಯಾಟರಿ ಚಾರ್ಜ್ ಮಾಡ್ತಿದ್ದೀವಿ."

ದಿನಾ ಚಾರ್ಜಾದರೂ ಕಾರು ಇದ್ದಲ್ಲಿಂದ ಅಲ್ಲಾಡಿದ್ದು ನಾ ಕಾಣೆ. ಇಳಿದವರು ಮಾತ್ರ ಚೆನ್ನಾಗಿ ಅಲ್ಲಾಡುತ್ತಿದ್ದರು.

ಅಳತೆ

ಕಡೆಗೆ ಪ್ರಧಾನ್‌ಜಿಗೆ ಒಂದು ಕಾಯಿದೆ ಸಿಕ್ಕಿತು. ದೇವಸ್ಥಾನಕ್ಕೂ ಬಿಯರಿಗೂ ನಡುವೆ ಇಂತಿಷ್ಟು ದೂರ ಇರಲೇಬೇಕಂತೆ. ಪಾರ್ಕಿನ ಮೂಲೆಯಲ್ಲಿ ಒಂದು ಪುಟ್ಟ ಗುಡಿಯಿದೆ. ಪ್ರಧಾನ್‌ಜಿ ಅದರ ಕಡೆ ತಲೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ, ಅಂದಿನಿಂದ ಮಹಾ ಭಕ್ತರಾದರು.

ಅಳೆಯಲು ಲೈಸೆನ್ಸ್ ಕೊಡುವ ಅಧಿಕಾರಿ ಬಂದರು. ಉದ್ದನೆಯ ಟೇಪಿನ ಸುರುಳಿ ಹಿಡಿದು ಕೆಫೆ ಬಾಗಿಲಲ್ಲಿ ನಿಂತರು. ಗುಡಿಯ ಹತ್ತಿರ ಅದರ ತುದಿ ಹಿಡಿಯುವವರು ಯಾರು? ಪ್ರಧಾನ್‌ಜಿ ಹಿಡಿದರೆ ಹುಡುಗಿ ಒಪ್ಪಳು, ಹುಡುಗಿ ಹಿಡಿದರೆ ಪ್ರಧಾನ್‌ಜಿ ಒಪ್ಪರು. ಹೆಬ್ಬೆಟ್ಟಿನ ಕಥೆ ಕೇಳಿದ್ದ ಅಧಿಕಾರಿಯೇ ನನ್ನ ಕಡೆ ಕೈ ತೋರಿಸಿ, "ಈ ಮಾತಾಜಿ ಹಿಡೀಲಿ. ಅಂಕಿ ಓದಲು ಬಾರದವರು ಮೋಸ ಹೇಗೆ ಮಾಡ್ತಾರೆ?" ಅಂದರು. ನಾನು ಹಿಡಿದೆ. ಸುರುಳಿ ನೋಡಿದ ಅಧಿಕಾರಿ ತಲೆಯಾಡಿಸಿದರು. ದೂರ ಸ್ವಲ್ಪದರಲ್ಲಿ ಕಡಿಮೆ ಬಿದ್ದಿತ್ತು. ಹುಡುಗಿಯ ಮುಖ ಸಣ್ಣಗಾಯಿತು.

ಅಷ್ಟರಲ್ಲಿ ಪೂಜಾರಿ ಗಂಟೆ ಬಾರಿಸಿದರು. ಗುಡಿ ಬಾಗಿಲಿಗೆ ಬಂದವಳು ಪ್ರದಕ್ಷಿಣೆ ಹಾಕದೆ ಹೋಗುವುದುಂಟೆ? ಚಪ್ಪಲಿ ಬಿಟ್ಟು ಹೊರಟೇಬಿಟ್ಟೆ. ಟೇಪು ಕೈಯಲ್ಲೇ ಇತ್ತು. ಬಿಡು ಅಂತ ಯಾರೂ ಹೇಳಿರಲಿಲ್ಲವಲ್ಲ.

"ಅರೇ, ಮಾತಾಜಿ, ನಿಲ್ಲಿ!" ಅಂತ ಪ್ರಧಾನ್‌ಜಿ ಓಡಿಬಂದರು. ಪೂಜೆಗೆ ಬಂದಿದ್ದ ಅವರ ಹೆಂಡತಿ ಅಡ್ಡ ನಿಂತಳು: "ಪರಿಕ್ರಮಕ್ಕೆ ತಡೆ ಹಾಕ್ತೀರಾ? ನೀವು ಬಂದಿರೋದು ಭಗವಂತನ ಹೆಸರಲ್ಲಿ ತಾನೇ?" ಪ್ರಧಾನ್‌ಜಿ ಅಲ್ಲೇ ಚಪ್ಪಲಿ ಬಿಟ್ಟರು. ಪೂಜಾರಿ ಒಳಗಿಂದಲೇ, "ಒಂದಕ್ಕೆ ನಿಲ್ಲಿಸಬೇಡಿ ಮಾತಾಜಿ, ಮೂರು ಹಾಕಿ" ಅಂದರು. ಅಧಿಕಾರಿಯ ಕೈಯ ಸುರುಳಿಯಿಂದ ಬಿಚ್ಚುತ್ತಾ ಟೇಪು ಅರಳಿಮರಕ್ಕೆ ದಾರ ಸುತ್ತಿದ ಹಾಗೆ ಗುಡಿಗೆ ಸುತ್ತಿಕೊಳ್ಳುತ್ತಾ ಬಂತು. ಅದೇನೋ ವ್ರತ ಅಂದುಕೊಂಡು ಇಬ್ಬರು ಹೆಂಗಸರು ಕೈಮುಗಿದು ನನ್ನ ಹಿಂದೆಯೇ ಬಂದರು.

ಬಿಸಿಲಲ್ಲಿ ಬೆಂದುಹೋಗಿದ್ದ ಅಧಿಕಾರಿ ಕೆಫೆ ಬಾಗಿಲಿಂದಲೇ ಕೂಗಿದರು: "ಸಾಕು ಮಾತಾಜಿ, ಸಾಕು! ಎರಡನೇ ಸುತ್ತಿಗೇ ಲೈಸೆನ್ಸ್ ಆಯ್ತು! ಇನ್ನೂ ಸುತ್ತಿದರೆ ಕೆಫೆ ದಿಲ್ಲಿ ಗಡಿ ದಾಟಿ ನೋಯ್ಡಾಕ್ಕೆ ಸೇರಿಹೋಗುತ್ತೆ, ಅಲ್ಲಿ ಸಹಿ ಹಾಕೋ ಅಧಿಕಾರ ನನಗಿಲ್ಲ!"